ಶಹಾಬಾದಿನಲ್ಲಿ ಮುಟ್ಟದೆ ಅಳೆದ ಮಳೆಗಾಲ

ಹೋದ ತಿಂಗಳು ರಾಯಚೂರಿನಿಂದ ಸೋಲಾಪುರಕ್ಕೆ ಹೊರಟಿದ್ದೆ. ರೈಲು ವಾಡಿಯಲ್ಲಿ ನಿಂತಿತು, ನಿಂತೇ ಇತ್ತು. ವಾಡಿ ಜಂಕ್ಷನ್ನಿನಲ್ಲಿ ರೈಲು ಯಾಕೆ ನಿಂತಿದೆ ಎಂದು ಈ ಕಡೆಯವರು ಯಾರೂ ಕೇಳುವುದಿಲ್ಲ. ಕೇಳಿದವರು ಹೊರಗಿನವರು ಅಂತಲೇ ಲೆಕ್ಕ. ಮಳೆ ಆಗಷ್ಟೇ ಬಿಟ್ಟಿತ್ತು. ಚಹಾ ಕುಡಿಯೋಣವೆಂದು ಕೆಳಗಿಳಿದೆ. ಪ್ಲಾಟ್‌ಫಾರ್ಮಿಗೆ ಕಾಲಿಟ್ಟದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ತೊಯ್ದ ಕಲ್ಲುಪುಡಿಯ ವಾಸನೆ. ಮಳೆ ಬಿದ್ದ ಮಣ್ಣಿನ ಘಮ ಅಂತ ಎಲ್ಲರೂ ಬರೆಯುತ್ತಾರಲ್ಲ, ಅದಲ್ಲ ಇದು. ಸುಣ್ಣಕ್ಕೆ ನೀರು ಹಾಕಿ ಮುಚ್ಚಿಟ್ಟಂಥದ್ದು, ಗಂಟಲಿನ ಹಿಂದೆ ಚೂರು ಒಗರು. ಸಿಮೆಂಟಿನ ಕಾರ್ಖಾನೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿ ತುಂಬಿರುವ ಈ ಸೀಮೆಯಲ್ಲಿ ಮಳೆ ಬಂದರೆ ಏಳುವುದು ಇದೇ ವಾಸನೆ. ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಶಹಾಬಾದಿನಲ್ಲಿ ಕಳೆದ ಒಂದು ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂತು.

ಡಿಪ್ಲೊಮಾ ಮುಗಿಸಿ ಆಗ ಎರಡು ವರ್ಷವಾಗಿತ್ತು. ಕಲಬುರಗಿಯ ಒಂದು ಸಣ್ಣ ಕಂಪನಿಯಲ್ಲಿ ನೌಕರಿ. ಕಂಪನಿ ಎಂದರೆ ಮೂರು ಜನ, ಒಂದು ಕೋಣೆ, ಒಂದು ಸ್ಕ್ಯಾನರ್. ಆ ಸ್ಕ್ಯಾನರ್ ಏನು ಮಾಡುತ್ತದೆ ಎಂದು ನನ್ನ ಅವ್ವನಿಗೆ ಇವತ್ತಿಗೂ ತಿಳಿಸಿ ಹೇಳಲು ಆಗಿಲ್ಲ, ಇಲ್ಲಿ ಇನ್ನೊಮ್ಮೆ ಪ್ರಯತ್ನಿಸುತ್ತೇನೆ. ಇಸ್ತ್ರಿ ಪೆಟ್ಟಿಗೆಯಷ್ಟು ದೊಡ್ಡ ಯಂತ್ರ. ಎರಡು ಕ್ಯಾಮೆರಾ ಕಣ್ಣು, ನಡುವೆ ನೀಲಿ ಬೆಳಕು. ಆ ಬೆಳಕಿನ ಗೆರೆಗಳು ಒಂದು ವಸ್ತುವಿನ ಮೇಲೆ ಬಿದ್ದು ಎಲ್ಲಿ ಹೇಗೆ ಬಾಗುತ್ತವೆ ಎಂಬುದನ್ನು ಕಣ್ಣುಗಳು ನೋಡುತ್ತವೆ. ನೋಡಿ ನೋಡಿ ಲಕ್ಷಾಂತರ ಚುಕ್ಕಿ ಸೇರಿಸಿ ಅದೇ ವಸ್ತುವನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಕಟ್ಟುತ್ತವೆ. ಆಮೇಲೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಅಳತೆ ತೆಗೆಯಬಹುದು. ವಸ್ತುವನ್ನು ಮುಟ್ಟುವ ಪ್ರಮೇಯವೇ ಇಲ್ಲ. ಹಳೆಯ ಯಂತ್ರದ ಭಾಗ ಮುರಿದಿರುತ್ತದೆ, ಅದರ ನಕ್ಷೆ ಕಳೆದಿರುತ್ತದೆ, ತಯಾರಿಸಿದ ಕಂಪನಿಯೇ ಮುಚ್ಚಿರುತ್ತದೆ. ಅಂಥಲ್ಲಿಗೆ ನಮ್ಮನ್ನು ಕರೆಯುತ್ತಾರೆ. ನಮ್ಮ ಜಿಲ್ಲೆಯ ಬೇಳೆ ಮಿಲ್ಲು, ಗಿರಣಿ, ಕಲ್ಲಿನ ಪಾಲಿಷ್ ಘಟಕಗಳಲ್ಲಿ ಅಂಥ ಯಂತ್ರಗಳಿಗೆ ಬರವಿಲ್ಲ.

ಶಹಾಬಾದಿನ ಬಸಣ್ಣ ಸಾಹುಕಾರರು ತಮ್ಮ ವರ್ಕ್‌ಶಾಪಿಗೆ ಮಳೆಗಾಲದ ಮಟ್ಟಿಗೆ ಸ್ಕ್ಯಾನರ್ ಕರೆಸಿಕೊಂಡರು, ಜೊತೆಗೆ ನನ್ನನ್ನೂ. ನನಗೆ ಆಗ ಸೊಕ್ಕು ಬಹಳ. ನೆಲ, ಗೋಡೆ, ಮಾಡು, ಕೊನೆಗೆ ಹೊಲದ ಬೇಲಿಗೂ ಫರಸಿ ಕಲ್ಲನ್ನೇ ನಿಲ್ಲಿಸುವ ಆ ಊರಿನಲ್ಲಿ ಕೂದಲೆಳೆಯ ಕಾಲುಭಾಗ ಅಳೆಯಬಲ್ಲವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಬ್ಯಾಗು ಇಳಿಸಿದ ಮೊದಲ ದಿನವೇ ವರ್ಕ್‌ಶಾಪಿನವರಿಗೆಲ್ಲ ಒಂದು ಭಾಷಣ ಮಾಡಿದೆ. ಎಲ್ಲರೂ ಕೇಳಿ ಎದ್ದು ಹೋದರು. ಒಬ್ಬರು ಮಾತ್ರ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತೇ ಇದ್ದರು.

ಅವರು ದೇವಿಂದ್ರಪ್ಪ ಮಿಸ್ತ್ರಿ. ಅರವತ್ತು ದಾಟಿದ್ದರು. ಎರಕದ ಕಬ್ಬಿಣದ ಗಟ್ಟಿಯೊಳಗೆ ಅಳತೆಗೆ ಸರಿಯಾಗಿ ತೂತು ಕೊರೆಯುವ ಬೋರಿಂಗ್ ಮಷಿನ್ ಮೂವತ್ತು ವರ್ಷದಿಂದ ಅವರ ಕೈಯಲ್ಲೇ ಇತ್ತು. ಕಾಗಿಣಾ ನದಿಯ ದಂಡೆಯ ಕಬ್ಬಲಿಗರ ಮನೆ ಅವರದು. ಅಪ್ಪ ದೋಣಿ ನಡೆಸುತ್ತಿದ್ದರಂತೆ. ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ದಪ್ಪ ಚಶ್ಮಾ ಬಂದಿತ್ತು.

"ಏನ್ ಮಾಡ್ಲಿಕತ್ತೀ ಯವ್ವ ಈಗ?" ಎಂದರು.

"ಅಳೀಲಿಕತ್ತೀನ್ರಿ ಕಾಕಾ."

"ಅಷ್ಟ್ ದೂರ ನಿಂತು?"

"ಹೌದ್ರಿ. ಮುಟ್ಟೋದೇ ಬ್ಯಾಡ."

"ಮುಟ್ಟದೇ ಅಳತಿ ತಗೊಂಡ್ರ ಆ ಕಬ್ಬಿಣಕ್ಕರ ಗೊತ್ತಾಗ್ತದೇನು, ತನ್ನ ಅಳೀಲಿಕತ್ತಾರಂತ?"

ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ, ಮನುಷ್ಯನಿಗೆ ನಿಜವಾಗಿಯೂ ಕುತೂಹಲ. ಅವತ್ತಿನಿಂದ ಅವರ ಪ್ರಶ್ನೆಗಳು ಶುರುವಾದವು. ವಸ್ತುವಿನ ಮೇಲೆ ಅಷ್ಟೊಂದು ಬಿಳಿ ಚುಕ್ಕಿ ಯಾಕೆ ಅಂಟಿಸುತ್ತೀ? ಯಂತ್ರವನ್ನು ಆಚೆ ಈಚೆ ಆಡಿಸಿದರೂ ತಾನೆಲ್ಲಿದ್ದೇನೆ ಎಂದು ಅದಕ್ಕೆ ಹೇಗೆ ನೆನಪಿರುತ್ತದೆ? ಆ ಚುಕ್ಕಿಗಳೇ ಅದಕ್ಕೆ ಗುರುತು, ಊರಿಗೆ ಹೋಗುವಾಗ ನಾವು ಗಿಡ ಗುಡಿ ನೋಡಿಕೊಂಡ ಹಾಗೆ, ಎಂದು ಹೇಳಿದೆ. ತಲೆಯಾಡಿಸಿದರು. ಮರುದಿನ ಬಂದು, "ನೀರು ಕಾಣಸ್ತದೇನು ಇದಕ್ಕ?" ಎಂದರು. ಇಲ್ಲ, ನೀರು ಗಾಜು ಕಾಣುವುದಿಲ್ಲ, ಬೆಳಕು ಹಾದು ಹೋಗುತ್ತದೆ ಎಂದೆ. "ಹಂಗಾದ್ರ ನಮ್ಮಪ್ಪನ ಕೆಲಸ ಉಳೀತು ನೋಡು. ಆತ ಗಳ ಇಳಿಸಿ ಹೊಳಿ ಆಳ ಹೇಳ್ತಿದ್ದ," ಎಂದು ನಕ್ಕರು.

ಒಂದು ದಿನ ಊಟದ ಹೊತ್ತಿಗೆ ತಮ್ಮ ಬುತ್ತಿಯಿಂದ ಜೋಳದ ರೊಟ್ಟಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. "ಇದನ್ನ ಅಳಿ," ಎಂದರು. ಅಳೆದೆ. ಪರದೆಯ ಮೇಲೆ ರೊಟ್ಟಿ ಮೂಡಿತು ನೋಡಿ, ಬಸಣ್ಣ ಸಾಹುಕಾರರಿಂದ ಹಿಡಿದು ಎಲ್ಲರೂ ಬಂದು ಮುತ್ತಿಕೊಂಡರು. ಉಬ್ಬಿದಲ್ಲೆಲ್ಲ ಕೆಂಪು, ತಗ್ಗಿದಲ್ಲೆಲ್ಲ ನೀಲಿ. ಚೆನ್ನಾಗಿ ಸುಟ್ಟ ಕರಿ ಕಲೆಗಳ ಜಾಗದಲ್ಲಿ ತೂತು, ಯಾಕೆಂದರೆ ಕಪ್ಪು ಬಣ್ಣ ಬೆಳಕನ್ನು ನುಂಗಿಬಿಡುತ್ತದೆ. ದೇವಿಂದ್ರಪ್ಪ ಅದರ ಚಿತ್ರವನ್ನು ಫೋನಿಗೆ ಹಾಕಿಸಿಕೊಂಡು ಮನೆಗೆ ಒಯ್ದರು. ಮರುದಿನ ಅವರ ಹೆಂಡತಿ ನಾಗಮ್ಮ ನನಗೆಂದೇ ನಾಲ್ಕು ರೊಟ್ಟಿ, ಪುಂಡಿಪಲ್ಯ ಕಟ್ಟಿ ಕಳಿಸಿದ್ದರು. ಜೊತೆಗೊಂದು ಮಾತು: "ದೂರ ನಿಂತು ನೋಡಿದಾಕಿಗಿ ಏನ್ ತಿಳೀತದ, ತಿಂದು ಹೇಳಂತ ಅನ್ರಿ." ತಿಂದು ಹೇಳಿದೆ. ಅಲ್ಲಿಂದ ಆ ಮಳೆಗಾಲದುದ್ದಕ್ಕೂ ನನಗೆ ಮಧ್ಯಾಹ್ನದ ಊಟದ ಚಿಂತೆ ಇರಲಿಲ್ಲ.

ಈಗ ಆ ಬಿಳಿ ಪುಡಿಯ ವಿಷಯ ಹೇಳಬೇಕು, ನನ್ನ ತಪ್ಪು ಶುರುವಾಗುವುದೇ ಅಲ್ಲಿಂದ. ಸ್ಕ್ಯಾನರಿಗೆ ಕಪ್ಪು ಆಗದು ಎಂದೆನಲ್ಲ, ಮಿರಿಮಿರಿ ಹೊಳೆಯುವುದೂ ಆಗದು. ಕೊರೆದು ನುಣುಪು ಮಾಡಿದ ಕಬ್ಬಿಣ ಕನ್ನಡಿಯ ಹಾಗೆ ಬೆಳಕನ್ನು ಎತ್ತಲೋ ಎಸೆಯುತ್ತದೆ. ಅದಕ್ಕೆ ಮೊದಲು ಒಂದು ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತೇವೆ. ಮಂಜಿಗಿಂತ ತೆಳು ಪದರ, ಅಳತೆಗೆ ಏನೂ ಬಾಧೆಯಿಲ್ಲ. ನಾನು ತಂದ ಡಬ್ಬಿಗಳು ಕುಡಗೋಲು, ಕೊಡಲಿ, ಬಸಣ್ಣನವರ ಗಡಿಯಾರ ಅಂತ ಅಳೆದಾಡುವುದರಲ್ಲೇ ಖಾಲಿಯಾದವು. ಹೈದರಾಬಾದಿನಿಂದ ತರಿಸಬೇಕು. ಮಳೆ ಹಿಡಿದು ಕೂತಿತ್ತು, ಪಾರ್ಸೆಲ್ ಎಲ್ಲಿ ಸಿಕ್ಕಿಹಾಕಿಕೊಂಡಿತೋ ಬರಲಿಲ್ಲ.

ನಾನು ಮುಖ ಸಣ್ಣದು ಮಾಡಿಕೊಂಡು ಕೂತದ್ದನ್ನು ನೋಡಿ ಬಸಣ್ಣ ಸಾಹುಕಾರರು, "ಬಿಳಿ ಪುಡಿನೇ ಬೇಕಂದ್ರ ವಿಭೂತಿಕಿಂತ ನುಣ್ಣಂದು ಯಾವ್ದದರಿ ಮೇಡಮ್ಮಾರ?" ಎಂದರು.

ಆ ವರ್ಕ್‌ಶಾಪಿನಲ್ಲಿ ವಿಭೂತಿಗೆ ಕೊರತೆಯೇ ಇರಲಿಲ್ಲ. ಪ್ರತಿ ಅಮಾವಾಸ್ಯೆಗೆ ಲೇತು, ಡ್ರಿಲ್ಲು, ಬೋರಿಂಗ್ ಮಷಿನ್, ಕೊನೆಗೆ ತೂಕದ ಕಾಟಾಕ್ಕೂ ಮೂರು ಗೆರೆ ಎಳೆದು ಕಾಯಿ ಒಡೆಯುವುದು ರೂಢಿ. ಮಠದಿಂದ ತಂದ ವಿಭೂತಿ ಗಟ್ಟಿಗಳು ದೇವರ ಗೂಡಿನಲ್ಲಿ ಒಟ್ಟಿದ್ದವು. ಒಂದನ್ನು ತೇಯ್ದು ಪುಡಿ ಮಾಡಿ, ತೆಳುವಾದ ಅರಿವೆಯಲ್ಲಿ ಗಂಟು ಕಟ್ಟಿ, ಒಂದು ಹೊಳೆಯುವ ಗಾಲಿಯ ಮೇಲೆ ತಟ್ಟಿ ನೋಡಿದೆ. ಏನು ಹೇಳಲಿ, ಪರದೆಯ ಮೇಲೆ ಗಾಲಿ ಒಂದು ಕಲೆಯಿಲ್ಲದೆ ಬಂತು. ಅಳತೆಯೂ ಸರಿ. ನಾನು ಕಲಬುರಗಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ದೇವಿಂದ್ರಪ್ಪನವರು ಆ ಗಂಟನ್ನು ಹಿಡಿದು ಹಿಂದೆ ಮುಂದೆ ನೋಡಿ, "ಇಷ್ಟ್ ದಿನ ನಾವು ಹಚ್ಚಿದ್ದು ದೇವರಿಗಷ್ಟ ಕಾಣ್ತಿತ್ತು," ಎಂದರು.

ಅದೇ ವಾರ ಚಿತ್ತಾಪುರದಿಂದ ಸಿದ್ರಾಮಪ್ಪನವರು ಬಂದರು. ಬೇಳೆ ಮಿಲ್ಲಿನ ಮಾಲೀಕರು, ಬಸಣ್ಣನವರ ಹಳೆಯ ಗಿರಾಕಿ. ಟೆಂಪೊದಲ್ಲಿ ಒಂದು ಗೇರ್ ಪೆಟ್ಟಿಗೆ ಹಾಕಿಕೊಂಡು ಬಂದಿದ್ದರು. ಎರಡು ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಕಬ್ಬಿಣದ ಪೆಟ್ಟಿಗೆ ಅದು. ಚಕ್ರಗಳ ದಂಡಗಳು ಬೇರಿಂಗಿನಲ್ಲಿ ಕೂತು ತಿರುಗುವ ಅದರ ಎರಡು ತೂತುಗಳನ್ನು ಕೊರೆದವರು ದೇವಿಂದ್ರಪ್ಪ, ಕಣ್ಣಿನ ಆಪರೇಷನ್ ಆದ ಹೊಸತರಲ್ಲಿ. ಆ ತೂತುಗಳ ನಡುವಿನ ಅಂತರ ಚೂರು ಹೆಚ್ಚುಕಡಿಮೆ ಆದರೂ ಚಕ್ರದ ಹಲ್ಲು ಮುರಿಯುತ್ತದೆ. ಮಿಲ್ಲಿನಲ್ಲಿ ಎರಡು ಸಲ ಹಲ್ಲು ಮುರಿದಿತ್ತು.

"ನಾ ಯಾರ್ ಮ್ಯಾಗೂ ತಪ್ಪು ಹೊರಸ್ಲಿಕತ್ತಿಲ್ಲ," ಎಂದರು ಸಿದ್ರಾಮಪ್ಪ. ಆ ಮಾತು ಹೇಳುವವರು ಆಮೇಲೆ ಏನು ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. "ಮಿಸ್ತ್ರಿಗೆ ವಯಸ್ಸಾಗ್ಯಾದ, ಕಣ್ಣು ಮೊದಲಿನಂಗ ಇಲ್ಲ. ನಿಮ್ಮ ಬಲ್ಲಿ ಈಗ ಯಂತ್ರ ಅದ ಅಂತ ಕೇಳೀನಿ. ಜರಾ ಅಳದು ಹೇಳ್ರಿ, ತೂತು ಖರೇ ಅದಾವೋ ಇಲ್ಲೋ."

ಬಸಣ್ಣನವರು ಮಿಸ್ತ್ರಿಯ ಕಡೆ ನೋಡಿದರು. ದೇವಿಂದ್ರಪ್ಪನವರೇ ಮುಂದೆ ಬಂದರು. "ಅಳೀಲಿ. ನನ್ನ ಕೆಲಸ ಗಲತ್ ಅಂತ ಬಂತಂದ್ರ ನಾಳಿಂದ ಆ ಬೋರಿಂಗ್ ಮಷಿನ್ ಬಲ್ಲಿ ನಾ ಹೋಗಾಂಗಿಲ್ಲ. ಒಬ್ಬರ ಕಬ್ಬಿಣ ಹಾಳು ಮಾಡೋ ಕೈ ನನಗ ಬ್ಯಾಡ," ಎಂದರು. ದೊಡ್ಡ ದನಿಯಲ್ಲಿ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದರು.

ಪೆಟ್ಟಿಗೆಯ ತೂತುಗಳ ಒಳಗೆಲ್ಲ ಗ್ರೀಸು. ಎಷ್ಟು ಒರೆಸಿದರೂ ಗಂಟಿನಿಂದ ತಟ್ಟಿದ ವಿಭೂತಿ ಅಲ್ಲಲ್ಲಿ ಹಿಡಿಯಿತು, ಅಲ್ಲಲ್ಲಿ ಉದುರಿತು. ನನಗೆ ತಡೆದುಕೊಳ್ಳುವ ಸ್ವಭಾವ ಆಗಲೂ ಇರಲಿಲ್ಲ. ವಿಭೂತಿಯನ್ನು ನೀರಲ್ಲಿ ಕಲಸಿ, ಬ್ರಷ್ಷಿನಿಂದ ಬಳಿದೆ. ಪೆಟ್ಟಿಗೆಯನ್ನು ನಿಲ್ಲಿಸಿದಾಗ ಒಂದು ತೂತು ಮೇಲೆ, ಒಂದು ಕೆಳಗೆ. ಮೇಲಿನದಕ್ಕೆ ಕೈ ಹಾಕುವುದು ಸಲೀಸು, ಅದಕ್ಕೆ ಮೊದಲು ಬಳಿದೆ. ಆ ತಂಡಿಗೆ ಒಣಗಲು ಇಡೀ ದಿನ ಬೇಕಾಯಿತು. ಮರುದಿನ ಪೆಟ್ಟಿಗೆಯನ್ನು ಬುಡಮೇಲು ನಿಲ್ಲಿಸಿ ಇನ್ನೊಂದಕ್ಕೆ ಬಳಿದೆ. ಮೂರನೆಯ ದಿನ ಅಳೆದೆ. ಚುಕ್ಕಿ ಒಂದೂ ಬಿಡದೆ ಬಂತು. ನೋಡಲು ಚಿತ್ರದಂತಿತ್ತು.

ಎರಡು ತೂತುಗಳ ನಡುವಿನ ಅಂತರ ಇರಬೇಕಾದ್ದಕ್ಕಿಂತ ಹೆಚ್ಚು ಎಂದು ಪರದೆ ಹೇಳಿತು. ಮೂರು ನಾಲ್ಕು ಕೂದಲು ಸೇರಿಸಿದಷ್ಟು ಹೆಚ್ಚು. ಗೇರಿಗೆ ಅದು ಬಹಳವಾಯಿತು.

ಸಿದ್ರಾಮಪ್ಪನವರ ಮುಂದೆ, ಬಸಣ್ಣನವರ ಮುಂದೆ, ಕೆಲಸದವರೆಲ್ಲರ ಮುಂದೆ ವರದಿ ಓದಿದೆ. ಓದುವಾಗ ನನಗೆ ಖುಷಿಯಾಗಿರಲಿಲ್ಲ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ದೇವಿಂದ್ರಪ್ಪನವರು ಚಶ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, "ಖರೇ ಏನ್ ಯವ್ವ?" ಎಂದು ಕೇಳಿದರು.

"ಯಂತ್ರ ಸುಳ್ಳು ಹೇಳಾಂಗಿಲ್ಲ ಕಾಕಾ," ಎಂದೆ. ಈ ಮಾತನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವರು ಚಶ್ಮಾ ಹಾಕಿಕೊಂಡರು. ಬೋರಿಂಗ್ ಮಷಿನ್ ಒರೆಸಿ, ಎಣ್ಣೆ ಸವರಿ, ಅದರ ಮೇಲೆ ಗೋಣಿ ಹೊದಿಸಿದರು. ಬಸಣ್ಣನವರು, "ಅಣ್ಣಾ, ಒಂದು ಕೆಲಸ ತಪ್ಪಿದ್ರ ಏನಾತು, ಯಾರಿಗಿ ತಪ್ಪಾಂಗಿಲ್ಲ," ಎಂದು ಹಿಂದೆಯೇ ಹೋದರು. ದೇವಿಂದ್ರಪ್ಪ ಕೈ ಮುಗಿದು ಮಳೆಯಲ್ಲೇ ನಡೆದುಬಿಟ್ಟರು. ಮರುದಿನ ಮಧ್ಯಾಹ್ನ ನನಗೆ ರೊಟ್ಟಿ ಬರಲಿಲ್ಲ. ರೊಟ್ಟಿಗಾಗಿ ಬೇಜಾರು ಎಂದು ನನಗೆ ನಾನೇ ಹೇಳಿಕೊಂಡೆ.

ಹತ್ತು ದಿನ ಅವರ ಸುಳಿವಿಲ್ಲ. ಬೋರಿಂಗ್ ಮಷಿನ್ನಿನ ಕೆಲಸಗಳನ್ನು ಬಸಣ್ಣನವರು ಕಲಬುರಗಿಗೆ ಕಳಿಸತೊಡಗಿದರು. ಸಿದ್ರಾಮಪ್ಪನವರ ಪೆಟ್ಟಿಗೆ ಹಾಗೆಯೇ ಮೂಲೆಯಲ್ಲಿ ಬಿದ್ದಿತ್ತು. ವರ್ಕ್‌ಶಾಪಿನಲ್ಲಿ ನನ್ನ ಜೊತೆ ಯಾರೂ ಜಗಳವಾಡಲಿಲ್ಲ, ಆದರೆ ಪರದೆ ನೋಡಲು ಯಾರೂ ಬರುತ್ತಿರಲಿಲ್ಲ. ಹೈದರಾಬಾದಿನ ಪಾರ್ಸೆಲ್ ಅಷ್ಟರಲ್ಲಿ ಬಂತು. ಡಬ್ಬಿ ಬಿಚ್ಚುವ ಮನಸ್ಸೂ ಆಗಲಿಲ್ಲ.

ಹನ್ನೊಂದನೆಯ ದಿನ ದೇವಿಂದ್ರಪ್ಪ ಬಂದರು, ತಮ್ಮ ಸಾಮಾನಿನ ಪೆಟ್ಟಿಗೆಯ ಕೀಲಿ ಕೊಡಲು. ಬಸಣ್ಣನವರು ಇನ್ನೂ ಬಂದಿರಲಿಲ್ಲ. ಕೀಲಿಯನ್ನು ದೇವರ ಗೂಡಿನಲ್ಲಿಟ್ಟು ಹೊರಟವರು ನನ್ನ ಮೇಜಿನ ಹತ್ತಿರ ನಿಂತರು. ಹತ್ತು ದಿನದಲ್ಲಿ ಮುಖ ಬತ್ತಿಹೋಗಿತ್ತು.

"ಒಂದು ಮಾತು ಕೇಳ್ಲೇನ್ ಯವ್ವ? ಸಿಟ್ಟಾಗಬ್ಯಾಡ. ನನಗ ಇಂಗ್ಲಿಷ್ ಬರಾಂಗಿಲ್ಲ, ನಿನ್ನ ಕಾಗದ ಓದ್ಲಿಕ್ಕ ಆಗಲಿಲ್ಲ. ನಡುವಿನ ಅಂತರ ಹೇಳ್ದಿ. ತೂತಿನ ಅಗಲ ಎಷ್ಟ್ ಬಂದದ ಅಂತ ಹೇಳಲಿಲ್ಲ."

ವಾದಕ್ಕೆ ಬಂದವರ ದನಿಯಲ್ಲ ಅದು. ಅದೇ ರೊಟ್ಟಿ ಅಳೆಸಿದ ದಿನದ ದನಿ. ನಾನು ಲ್ಯಾಪ್‌ಟಾಪ್ ತೆರೆದು ಓದಿದೆ. "ತೊಂಬತ್ತೊಂಬತ್ತು ಪಾಯಿಂಟ್ ಏಳು ಮಿಲಿ ಕಾಕಾ. ಎರಡೂ ಅಷ್ಟೇ."

ಅವರು ಮೂಲೆಯಲ್ಲಿದ್ದ ಪೆಟ್ಟಿಗೆಯ ಕಡೆ ನೋಡಿದರು. "ಅದ್ರಾಗ ಕೂಡೋ ಬೇರಿಂಗ್ ಪೂರಾ ನೂರು ಮಿಲಿಂದು. ನಾನೇ ಬಡದು ಕೂಡ್ಸೀನಿ. ತೊಂಬತ್ತೊಂಬತ್ತರ ತೂತಿನ್ಯಾಗ ನೂರರ ಬೇರಿಂಗ್ ಹ್ಯಾಂಗ ಹೋತು?"

ಆ ಅಂಕಿ ಹತ್ತು ದಿನದಿಂದ ನನ್ನ ಪರದೆಯಲ್ಲೇ ಇತ್ತು. ನನಗೆ ಬೇಕಾದ ಸಾಲನ್ನು ಮಾತ್ರ ನಾನು ಓದಿದ್ದೆ. ಇಬ್ಬರೂ ಮೂಲೆಗೆ ಹೋದೆವು. ಅವರು ಪೆಟ್ಟಿಗೆಯ ಮೇಲಿನ ಗೋಣಿ ಸರಿಸಿ, ತೂತಿನೊಳಗೆ ಬೆರಳಾಡಿಸಿ, ಉಗುರಿನಿಂದ ಕೆರೆದರು. ಚಕ್ಕೆ ಎದ್ದಿತು. ಒಂದು ಮಗ್ಗುಲಿಗೆ ಇಲ್ಲವೆನ್ನುವಷ್ಟು ತೆಳು, ಇನ್ನೊಂದು ಮಗ್ಗುಲಿಗೆ ದೋಸೆಯ ಅಂಚಿನಷ್ಟು ದಪ್ಪ. ಗೋಡೆಗೆ ಬಳಿದ ಸುಣ್ಣ ಇಳಿಯುವ ಹಾಗೆ ನಾನು ಬಳಿದ ವಿಭೂತಿ ಒಣಗುವುದರೊಳಗೆ ಕೆಳಗಿಳಿದಿತ್ತು. ಮೊದಲ ದಿನ ಒಂದು ತೂತಿನ ಕೆಳಮಗ್ಗುಲಿಗೆ, ಪೆಟ್ಟಿಗೆ ತಿರುಗಿಸಿದ ಮೇಲೆ ಇನ್ನೊಂದರ ಕೆಳಮಗ್ಗುಲಿಗೆ. ಎರಡೂ ತೂತುಗಳ, ಒಂದಕ್ಕೊಂದು ಎದುರಾದ ಮಗ್ಗುಲು ದಪ್ಪವಾಗಿ, ಎರಡರ ನಡುಬಿಂದುವೂ ಹೊರಕ್ಕೆ ಸರಿದಂತೆ ಯಂತ್ರಕ್ಕೆ ಕಂಡಿತ್ತು. ಯಂತ್ರ ತಾನು ನೋಡಿದ್ದನ್ನೇ ಹೇಳಿತ್ತು. ಅದು ನೋಡಿದ್ದು ಕಬ್ಬಿಣವನ್ನಲ್ಲ, ನನ್ನ ಬ್ರಷ್ಷಿನ ಕೆಲಸವನ್ನು.

ದೇವಿಂದ್ರಪ್ಪ ಆ ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದರು. ಕೋಪವಿಲ್ಲ, ಏನೂ ಇಲ್ಲ. "ಇಷ್ಟ್ ದಪ್ಪ ಹಚ್ಚಿದ್ರ ಅದಕ್ಕರ ಹ್ಯಾಂಗ ತಿಳೀಬೇಕು ಪಾಪ," ಎಂದರು, ಸ್ಕ್ಯಾನರಿನ ಕಡೆ ನೋಡಿ.

ಸೀಮೆಎಣ್ಣೆ ಹಾಕಿ ತೊಳೆದೆ. ಹೊಸ ಡಬ್ಬಿ ಒಡೆದು ತೆಳುವಾಗಿ ಹೊಡೆದು ಮತ್ತೆ ಅಳೆದೆ. ತೂತು ನೂರಕ್ಕೆ ಸರಿಯಾಗಿತ್ತು. ನಡುವಿನ ಅಂತರದಲ್ಲಿ ಕೂದಲಿನ ಕಾಲುಭಾಗದಷ್ಟೂ ಹೆಚ್ಚುಕಡಿಮೆಯಿಲ್ಲ. ಕಣ್ಣಿನ ಆಪರೇಷನ್ ಆದ ಹೊಸತರಲ್ಲಿ, ಕೈಯಿಂದ ಅಳೆಯುವ ಕ್ಯಾಲಿಪರ್ ಹಿಡಿದು, ಆ ಮನುಷ್ಯ ಅಷ್ಟು ಖರೆಯಾಗಿ ಕೊರೆದಿದ್ದರು. ಬಸಣ್ಣ ಸಾಹುಕಾರರು ಬಂದದ್ದೇ, ಕೆಲಸದವರನ್ನೆಲ್ಲ ಕರೆಸಿ, ಹತ್ತು ದಿನದ ಹಿಂದೆ ನಿಂತಲ್ಲೇ ನಿಂತು, ತಪ್ಪು ನನ್ನದು ಎಂದು ಹೇಳಿದೆ. ನನ್ನ ಕಂಪನಿಗೂ ಬರೆದೆ. ನೌಕರಿ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ, ಬೈಗುಳದಲ್ಲಿ ಮುಗಿಯಿತು. ಮರುದಿನ ಸಿದ್ರಾಮಪ್ಪನವರು ಗೇರಿನ ದಂಡವನ್ನು ತಂದುಕೊಟ್ಟರು. ಅಳೆದರೆ ಅದು ನಡುವಿನಲ್ಲಿ ಬಾಗಿತ್ತು. ಯಾವಾಗಲೋ ತೊಗರಿಯ ಜೊತೆ ದೊಡ್ಡ ಕಲ್ಲೊಂದು ಹೋಗಿ ಸಿಕ್ಕಿಕೊಂಡದ್ದು ಅವರಿಗೆ ಆಗ ನೆನಪಾಯಿತು. "ಮಿಸ್ತ್ರಿ, ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದು ದೇವಿಂದ್ರಪ್ಪನವರ ಎರಡೂ ಕೈ ಹಿಡಿದುಕೊಂಡರು.

ಬಸಣ್ಣನವರು ಗೂಡಿನಿಂದ ಕೀಲಿ ತೆಗೆದು ಮುಂದೆ ಹಿಡಿದರು. "ಏಳಣ್ಣ. ಮಷಿನ್ ನಿನ್ನ ಹಾದಿ ಕಾಯ್ಲಿಕತ್ತದ."

ದೇವಿಂದ್ರಪ್ಪ ಏಳಲಿಲ್ಲ. ಡಬ್ಬಿಯ ಮೇಲೆ ಕೂತವರು ನೆಲ ನೋಡುತ್ತ ಹೇಳಿದರು: "ನಾ ಈಗ ಹ್ಯಾಂಗ ಮುಟ್ಲಿ ಸಾವ್ಕಾರ? ಈ ಹತ್ತು ದಿನ ನಾ ಮನಿಯಾಗ ಕೂತಿದ್ದಿಲ್ಲ. ಕಣ್ಣು ಕೆಟ್ಟ ಮ್ಯಾಲ ನಾ ಕೊರದಿದ್ದು ಎಲ್ಲೆಲ್ಲಿ ಅದ, ಅಲ್ಲೆಲ್ಲ ಹೋಗಿ ಬಂದೀನಿ. ಅದರ ಹಿಂದಿಂದೂ ಯಾರಿಗಿ ಗೊತ್ತು ಅಂತ ಹಳೀ ಗಿರಾಕಿಗುಳ ಬಲ್ಲೀನೂ ಹೋದೆ. ನನ್ನ ಅಳತಿ ಗಲತ್ ಅದ, ಮಾಫ್ ಮಾಡ್ರಿ, ಬ್ಯಾರೆ ಕಡಿ ತೋರಸ್ಕೋರಿ ಅಂತ ಹೇಳಿ ಬಂದೀನಿ. ನನ್ನ ಬಾಯಿಲೇ ಹೇಳಿ ಬಂದೀನಿ."

ನಾನು ಅಳೆದದ್ದು ಒಂದು ಪೆಟ್ಟಿಗೆ. ಅವರು ಅದನ್ನು ತಮ್ಮ ಮೂವತ್ತು ವರ್ಷಕ್ಕೂ ಹಚ್ಚಿಕೊಂಡು, ಮಳೆಯಲ್ಲಿ ಊರೂರು ತಿರುಗಿ ತಪ್ಪೊಪ್ಪಿಕೊಂಡು ಬಂದಿದ್ದರು. ನಾಚಿಕೆ ಎಂದರೇನು ಎಂದು ನನಗೆ ಅವತ್ತು ತಿಳಿಯಿತು. ಕಾಲಡಿಯ ಫರಸಿ ಬಿರಿದು ನುಂಗಬಾರದೇ ಅನ್ನಿಸಿತು.

"ನಡೀರಿ ಕಾಕಾ," ಎಂದೆ. "ಎಲ್ಲೆಲ್ಲಿ ಹೋಗಿದ್ದಿರೋ ಅಲ್ಲೆಲ್ಲ ಹೋಗೋಣ. ನಾ ಹೇಳ್ತೀನಿ."

"ಎಲ್ಲಾ ಕಡಿ ಹೇಳಿದ ಮ್ಯಾಲೇ ಮಷಿನ್," ಎಂದರು ಅವರು. ಕೀಲಿಯನ್ನು ಬಸಣ್ಣನವರ ಕೈಯಲ್ಲೇ ಬಿಟ್ಟು ಎದ್ದರು.

ನಾಲ್ಕು ದಿನ ತಿರುಗಿದೆವು. ಸೇಡಂಗೆ ಬಸ್ಸು, ಅಲ್ಲಿಂದ ಟಂಟಂ ಆಟೊ, ಆಟೊ ಹೋಗದಲ್ಲಿ ನಡಿಗೆ. ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಮಣ ಭಾರ. ದಾರಿಯುದ್ದಕ್ಕೂ ಅವರ ಪ್ರಶ್ನೆಗಳು ಮತ್ತೆ ಶುರುವಾಗಿದ್ದವು. ವಿಭೂತಿಯ ಬದಲು ರಂಗೋಲಿ ಪುಡಿ ಆಗುತ್ತದೆಯೇ? ಬಾಗಿದ ದಂಡವನ್ನು ತಿರುಗುತ್ತಿರುವಾಗಲೇ ಅಳೆಯಲು ಬರುತ್ತದೆಯೇ? ಉತ್ತರ ಗೊತ್ತಿಲ್ಲದಲ್ಲಿ ಗೊತ್ತಿಲ್ಲ ಎಂದು ಹೇಳಲು ನಾನು ಆ ನಾಲ್ಕು ದಿನದಲ್ಲಿ ಕಲಿತೆ. ಸೇಡಂನ ಎಣ್ಣೆ ಗಿರಣಿಯವರು ನಮ್ಮ ಮಾತು ಕೇಳಿ, "ಆಯ್ತು ಬಿಡ್ರಿ, ಚಹಾ ತಗೋರಿ," ಎಂದರು. ಗುಂಡಗುರ್ತಿಯಲ್ಲಿ ಹಾಗಾಗಲಿಲ್ಲ. ಅಲ್ಲಿನವರು ದೇವಿಂದ್ರಪ್ಪನವರ ಮಾತು ನಂಬಿ, ಅವರು ಕೊರೆದು ಕೊಟ್ಟ ಬೇರಿಂಗ್ ಮನೆಯನ್ನು, ಬೇರಿಂಗ್ ಕೂಡುವ ಆ ಕಬ್ಬಿಣದ ಗೂಡನ್ನು, ಕಿತ್ತು ಹಿತ್ತಲಿಗೆ ಎಸೆದು, ಬೇರೆ ತಂದು ಕೂಡಿಸಿದ್ದರು. ಮಳೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದ ಅದನ್ನು ದೇವಿಂದ್ರಪ್ಪ ಎತ್ತಿ ತಮ್ಮ ಟವೆಲ್ಲಿನಿಂದ ಒರೆಸಿ, ಕಟ್ಟೆಯ ಮೇಲೆ ಇಟ್ಟರು.

ಕೊನೆಯದು ಚಿಂಚೋಳಿ ಕಡೆಯ ಐನಾಪುರ. ಹಿಟ್ಟಿನ ಗಿರಣಿ. ನಡೆಸುವವರು ಸಂಗಮ್ಮ, ಐವತ್ತರ ಹೆಂಗಸು, ಹುಬ್ಬಿನವರೆಗೂ ಹಿಟ್ಟು. ಗಿರಣಿ ಓಡುತ್ತಿತ್ತು. ನಾನು ಬಾಗಿಲಲ್ಲೇ ನಿಂತು, ನಾಲ್ಕು ದಿನದಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ಶುರು ಮಾಡಿದೆ. ತಪ್ಪು ಅಳೆದವಳು ನಾನು, ಇವರ ಕೆಲಸ ಸರಿಯಾಗಿಯೇ ಇದೆ ಎಂದು. ಸಂಗಮ್ಮ ಅರ್ಧಕ್ಕೇ ಕೈ ಅಡ್ಡ ಹಿಡಿದರು.

"ನನಗ್ಯಾಕ ಹೇಳ್ತಿ ತಂಗಿ? ಒಂಬತ್ತು ವರ್ಷ ಆತು ಈ ಗಿರಣಿ ತಿರಗ್ಲಿಕತ್ತು. ಒಂದಿನ ಬೇರಿಂಗ್ ಬಿಸಿ ಆಗಿಲ್ಲ. ಇವ್ರು ಅವತ್ತು ಬಂದು, ಗಲತ್ ಆಗ್ಯಾದ ಮಾಫ್ ಮಾಡ್ರಿ ಅಂದ್ರು. ನಾ ಅಂದೆ, ಒಳಗ ಬಂದು ನಿಮ್ಮ ಕೈಯಾರೆ ನೋಡ್ರಿ ಯಣ್ಣಾ ಅಂತ. ಬರ್ಲೇ ಇಲ್ಲ. ಇಲ್ಲೇ, ನೀ ನಿಂತಲ್ಲೇ ನಿಂತು ಕೈ ಮುಗದು ಹೋದ್ರು." ಆಮೇಲೆ ದೇವಿಂದ್ರಪ್ಪನವರ ಕಡೆ ತಿರುಗಿದರು. "ಊರ ಮಂದಿ ರೊಟ್ಟಿ ಈ ಗಿರಣಿ ಹಿಟ್ಟಿಂದು. ಅವರು ಯಾರೂ ನಿಮಗ ತಪ್ಪು ಅಂದಿದ್ದಿಲ್ಲ. ಒಂದು ಕಾಗದ ಅಂತು, ನೀವು ಕಾಗದದ ಮಾತ ಕೇಳಿದ್ರಿ. ಈಗರ ಒಳಗ ಬರ್ರಿ."

ದೇವಿಂದ್ರಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ತಿರುಗುತ್ತಿದ್ದ ದಂಡದ ಪಕ್ಕದಲ್ಲಿ ಬಗ್ಗಿ, ಒಂಬತ್ತು ವರ್ಷದ ಹಿಂದೆ ತಾವೇ ಕೊರೆದಿದ್ದ ಬೇರಿಂಗ್ ಮನೆಯ ಮೇಲೆ ಅಂಗೈ ಇಟ್ಟರು. ಜ್ವರ ಬಂದಿದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಇಟ್ಟುಕೊಂಡೇ ನಿಂತರು. ಬೀಸಿಸಲು ಬಂದಿದ್ದ ಹೆಂಗಸರು ಬುಟ್ಟಿ ಹಿಡಿದು ದಾರಿ ಬಿಟ್ಟು ನಿಂತಿದ್ದರು. ದೇವಿಂದ್ರಪ್ಪನವರ ಚಶ್ಮಾದ ಮೇಲೆಲ್ಲ ಹಿಟ್ಟು ಕೂತಿತು. ಒರೆಸಿಕೊಳ್ಳಲಿಲ್ಲ.

"ತಣ್ಣಗದ," ಎಂದರು ಕಡೆಗೆ, ಯಾರಿಗೆ ಅಂತಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಯವ್ವ, ಸಾವ್ಕಾರಗ ಫೋನ್ ಹಚ್ಚು. ನಾಳಿಗಿ ಮುಂಜಾನಿ ಬೋರಿಂಗ್ ಮಷಿನ್ ಮ್ಯಾಲಿನ ಗೋಣಿ ತಗದಿಡು ಅನ್ನು. ಬರ್ತೀನಿ."

ಫೋನ್ ತೆಗೆದೆ. ನನಗೆ ಅಂಕಿಗಳು ಕಾಣಲಿಲ್ಲ, ಕಣ್ಣು ತುಂಬಿಬಿಟ್ಟಿತ್ತು. ಸಂಗಮ್ಮನೇ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಹಿಟ್ಟಿನ ಬೆರಳಿನಿಂದ ಹುಡುಕಿ, ಬಸಣ್ಣನವರಿಗೆ ಹಚ್ಚಿದರು.